ಹೊಟ್ಟೆ ಸೀಳದ ಊರು

ಲಾಡ್ಜಿನ ಬಚ್ಚಲ ಕಿಟಕಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದವನಿಗೆ ಎದುರಿನ ನೀರಿನ ಟ್ಯಾಂಕಿನ ಮೇಲೆ ಒಂದು ತಪ್ಪು ಕಾಣಿಸಿತು. ಊರಿನ ಹೆಸರನ್ನು ಆಳೆತ್ತರದ ನೀಲಿ ಅಕ್ಷರಗಳಲ್ಲಿ ಬರೆದಿದ್ದರು. ನಡುವಿನ ಧ ಅಕ್ಷರದ ಹೊಟ್ಟೆ ಸೀಳಿರಲಿಲ್ಲ, ಬರೀ ದ ಆಗಿತ್ತು. ಅವನ ಕೈ ತಾನಾಗಿ ಎದ್ದು ಬ್ರಷ್ಷಿನ ತುದಿಯಿಂದ ಗಾಳಿಯಲ್ಲಿ ಒಂದು ಸಣ್ಣ ಗೀರು ಎಳೆಯಿತು; ನೊರೆ ಕನ್ನಡಿಗೆ ಸಿಡಿಯಿತು. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ, ಅದಕ್ಕೆ ಯಜಮಾನನ ಅಪ್ಪಣೆ ಬೇಕಿರಲಿಲ್ಲ. ನಿಮ್ಮ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೆ ಸತ್ತ ನೀವೇ ಎದ್ದು ಕೂರುತ್ತೀರಿ ಎಂದು ಹೆಂಡತಿ ಹೇಳುತ್ತಿದ್ದಳು. ಅಜ್ಜನ ಊರಿನ ಮೊದಲ ಬೆಳಿಗ್ಗೆಯೇ ಒಂದು ತಪ್ಪು ಸಿಕ್ಕಿದ್ದಕ್ಕೆ ಅವನಿಗೆ ಖುಷಿಯೇ ಆಯಿತು. ಪೇಂಟರನ ಏಣಿ ಗಿಡ್ಡವಿರಬೇಕು, ಪಾಪ, ಎಂದುಕೊಂಡ. ಅಷ್ಟರಲ್ಲಿ ಕೆಳಗೆ ಕಸದ ಗಾಡಿ ಹಾದುಹೋಯಿತು. ಅದರ ಬೆನ್ನ ಮೇಲೂ ಸೀಳಿಲ್ಲ. ಬ್ಯಾಂಕಿನ ಬೋರ್ಡಿನಲ್ಲಿ ಇಲ್ಲ. ಶಾಲೆಯ ಗೋಡೆಯ ಮೇಲೆ ಇಲ್ಲ. ಅವನ ಕಾಲ ಬಳಿಯಿದ್ದ ಲಾಡ್ಜಿನ ಬಕೆಟ್ಟಿನ ಮೇಲೆ, ಕಳ್ಳರು ಒಯ್ಯಬಾರದೆಂದು ಕೆಂಪು ಬಣ್ಣದಲ್ಲಿ ಬರೆದಿದ್ದ ಊರ ಹೆಸರಿನಲ್ಲೂ ಇಲ್ಲ. ಒಂದು ಕಡೆ ಇದ್ದರೆ ಅದು ತಪ್ಪು. ಎಲ್ಲ ಕಡೆಯೂ ಒಂದೇ ಥರ ಇದ್ದರೆ ಅದು ಊರು. ಅವನು ನೊರೆಯನ್ನು ಉಗುಳುವ ಬದಲು ನುಂಗಿಬಿಟ್ಟ.

ಅಜ್ಜ ಊರು ಬಿಟ್ಟಾಗ ಹತ್ತೊಂಬತ್ತು ವರ್ಷದವನು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಂದದ್ದು ಒಂದು ತಗಡಿನ ಪೆಟ್ಟಿಗೆ, ಶಾಲೆ ಬಿಟ್ಟ ಒಂದು ಸರ್ಟಿಫಿಕೇಟು ಮತ್ತು ಆ ಧ. ಸಂಜೆ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಯ ಮುಂದೆ ತೆಳು ಕಾಗದದ ಚೂರು ಹಿಡಿದು ಊರ ಹೆಸರು ಹೇಳಿಸುತ್ತಿದ್ದ. ಕಾಗದ ಅಲುಗಿದರೆ ಪಾಸು. “ಹೊಟ್ಟೆಯಿಂದ ಹೇಳ್ರೋ, ಗಂಟಲಿಂದ ಅಲ್ಲ. ಉಸಿರಿಲ್ಲದೆ ಹೇಳಿದ್ರೆ ಅದು ಬೇರೆಯವರ ಊರಾಗುತ್ತೆ.” ಅಕ್ಕ ಮೂಗಿನಿಂದ ಊದಿ ಪಾಸಾಗುತ್ತಿದ್ದಳು. ಅವನದು ಒಂದು ದಿನವೂ ಅಲುಗಲಿಲ್ಲ. ಅಪ್ಪನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ: “ಅಲ್ಲಿ ಏನಾದ್ರೂ ಇದ್ದಿದ್ರೆ ಅವರು ಯಾಕೆ ಬಿಟ್ಟು ಬರ್ತಿದ್ರು? ಏನೂ ಇರಲಿಲ್ಲ. ಅದಕ್ಕೇ ಇಷ್ಟು ಉಸಿರು.” ಬೇರೆಯವರ ಊರು. ಕಿಟಕಿಯ ಹೊರಗೆ ಬೇರೆಯವರ ಊರು ತನ್ನ ಪಾಡಿಗೆ ತಾನು ಅಂಗಡಿ ಬಾಗಿಲು ತೆರೆಯುತ್ತಿತ್ತು.

ತಪ್ಪು ಎಲ್ಲಿ ಆಯಿತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಅದು ಅವನ ಕಸುಬೇ ತಾನೆ. ಟಿಕೆಟ್ ಕೌಂಟರು. ಅದಕ್ಕೆ ಎರಡು ತಿಂಗಳ ಹಿಂದೆ, ಅವನಿರುವ ಊರಿನ ದೊಡ್ಡ ಕುಳವೊಂದು ಸತ್ತಾಗ ‘ಧನವಂತರಾಗಿ ಬಾಳಿದ’ ಎಂದಿರಬೇಕಾದ ಕಡೆ ‘ದನವಂತರಾಗಿ ಬಾಳಿದ’ ಎಂದು ಅಚ್ಚಾಗಿತ್ತು. ಸತ್ತವರ ಮೂವರು ಮಕ್ಕಳು ಅಚ್ಚುಕೂಟಕ್ಕೆ ನುಗ್ಗಿದ್ದರು. ಯಜಮಾನರು ಅವನನ್ನು ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಿದರು. ಕ್ಷಮಾಪಣೆಯನ್ನು ಬರೆದೂ ಕೊಡಬೇಕಾಯಿತು, ಅದರ ಕರಡನ್ನು ಬೇರೆಯವರು ತಿದ್ದಿದರು. ಮಾರನೆಯ ದಿನದಿಂದ ಬೈಂಡಿಂಗಿನವರಿಗೆ ಅವನು ‘ದನವಂತ’. ಕೆಲವರು ಬಾಯಿಬಿಟ್ಟು ಹೇಳುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಅವನು ಹಾದುಹೋಗುವಾಗ ಮೆಲ್ಲಗೆ ಅಂಬಾ ಅನ್ನುತ್ತಿದ್ದರು. ಹಾಗಾಗಿ ಕೌಂಟರಿನಾಕೆ “ಎಲ್ಲಿಗೆ?” ಎಂದಾಗ, ಬೆನ್ನ ಹಿಂದೆ ಸಾಲು ನಿಂತಿರುವಾಗ, ಹೊಟ್ಟೆಯಿಂದ ಉಸಿರೆಳೆದು ಊರ ಹೆಸರು ಹೇಳುವುದು ಅವನಿಗೆ ಅಸಹ್ಯವಾಗಿ ಕಂಡಿತು. ಎಲ್ಲರೂ ಹೇಳುವ ಹಾಗೆ ಚಪ್ಪಟೆಯಾಗಿ ಹೇಳಿದ. “ಏನಂದ್ರಿ?” ಎಂದಳು. ಇನ್ನೂ ಚಪ್ಪಟೆಯಾಗಿ ಹೇಳಿದ. ಅವಳು ಒತ್ತಿದಳು, ಚೀಟಿ ಬಂತು, ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಊರವರೆಲ್ಲರ ಕರಡು ಓದುವ ಮನುಷ್ಯ ತನ್ನದೊಂದು ಚೀಟಿ ಓದಲಿಲ್ಲ. ಬಸ್ಸು ರಾತ್ರಿಯಿಡೀ ತೆಂಕಣಕ್ಕೆ ಹೋಗುತ್ತಿದ್ದಾಗಲೂ, ಅಜ್ಜ ಸದಾ ಬಡಗಣಕ್ಕೆ ಕೈ ತೋರಿಸುತ್ತಿದ್ದುದು ಅವನಿಗೆ ನೆನಪಾಗಲಿಲ್ಲ. ನಿದ್ದೆ ಚೆನ್ನಾಗಿ ಬಂದಿತ್ತು.

“ಕರಡಿ! ಇನ್ನೂ ಹಲ್ಲಾ? ಎಷ್ಟು ಹಲ್ಲಿದೆಯೋ ನಿಂಗೆ?”

ಜೊತೆಯಲ್ಲಿ ಬಂದಿದ್ದ ಕಾಜಾ ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕರಡು ತಿದ್ದುವವನಿಗೆ ಕರಡಿ ಎಂದು ಹೆಸರಿಟ್ಟವನು ಅವನೇ. ಅವನಿಗೆ ಕಾಜಾ ಎಂಬ ಹೆಸರು ಬಂದದ್ದು, ಹನ್ನೊಂದನೆಯ ವಯಸ್ಸಿನಲ್ಲಿ ಬರೀ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಾ ಕಸುಬು ಶುರುಮಾಡಿದ್ದರಿಂದ. ಅಚ್ಚುಕೂಟದ ಮೆಟ್ಟಿಲ ಕೆಳಗೆ ಅವನ ಹೊಲಿಗೆ ಅಂಗಡಿ, ಇಬ್ಬರದೂ ಇಪ್ಪತ್ತಾರು ವರ್ಷದ ಸ್ನೇಹ. ಕಾಜಾ ಅನಾಥಾಲಯದಲ್ಲಿ ಬೆಳೆದವನು. ಯಾವುದೇ ಫಾರಂ ತುಂಬಿದರೂ ‘ಹುಟ್ಟೂರು’ ಎಂಬಲ್ಲಿ ಖಾಲಿ ಬಿಡುತ್ತಿದ್ದ, ಗುಮಾಸ್ತರು ವಾಪಸು ಎಸೆಯುತ್ತಿದ್ದರು. ಒಂದು ಮಧ್ಯಾಹ್ನ ಅವನು, ಕರಡಿ, ತಮಾಷೆಗೆ ಅಂದಿದ್ದ: “ನಮ್ಮೂರು ಹಾಕೋ. ಯಾರು ಬಂದು ಕೇಳ್ತಾರೆ?” ಕಾಜಾ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಒಂದು ಚೀಟಿಯಲ್ಲಿ ಬರೆಸಿಕೊಂಡು, ಅಕ್ಷರಗಳನ್ನು ಕಸೂತಿಯ ಹಾಗೆ ನೋಡಿ ಕಲಿತು, ಅಂದಿನಿಂದ ಎಲ್ಲ ಫಾರಮ್ಮುಗಳಲ್ಲೂ ಆ ಊರಿನವನಾದ. ಆಮೇಲೆ ಪ್ರಶ್ನೆಗಳು. ಮನೆ ಹೇಗಿತ್ತು, ಬೀದಿ ಇಳಿಜಾರೋ ಮಟ್ಟಸವೋ, ಬಾವಿ ಎಲ್ಲಿ. ಅಜ್ಜ ಹೇಳಿದ್ದು ಇಷ್ಟೇ: ಮನೆಗೆ ಮೂರು ಮೆಟ್ಟಿಲು, ನಡುವಿನದು ಒಡೆದಿತ್ತು. ಮಿಕ್ಕಿದ್ದನ್ನೆಲ್ಲ ಅವನು ಕಾಜಾಗಾಗಿ ಕೈಯಿಂದ ಹಾಕಿ ಹೇಳಿದ್ದ, ಒಂದೊಂದು ಸಲ ಬರೀ ಊಟದ ಬಿಡುವು ತುಂಬಿಸಲು. ಅಜ್ಜನ ಊರಿಗೆ ಹೋಗಿಬರಬೇಕು ಎಂದು ಇಪ್ಪತ್ತು ವರ್ಷ ಬಾಯಲ್ಲಿ ಹೇಳಿಕೊಂಡು ಬಂದವನು ಕರಡಿ. ದಿನ ಗೊತ್ತುಮಾಡಿ, ಅವನನ್ನು ಕತ್ತು ಹಿಡಿದು ರಜೆ ಹಾಕಿಸಿದವನು ಕಾಜಾ.

“ತಗೋ, ಇದನ್ನ ಹಾಕ್ಕೋ” ಎಂದು ಕಾಜಾ ಬ್ಯಾಗಿನಿಂದ ಎರಡು ಅಂಗಿ ತೆಗೆದ. ಒಂದೇ ಥಾನಿನ ಬಟ್ಟೆ, ತಿಳಿ ಬೂದು. “ಎರಡು ವಾರ ಮುಚ್ಚಿಟ್ಟು ಹೊಲಿದಿದೀನಿ. ಕಾಲರ್ ಒಳಗಡೆ ನೋಡು.” ಕಾಲರಿನ ಒಳಬದಿಗೆ, ಕತ್ತಿಗೆ ತಾಗುವ ಕಡೆ, ಊರ ಹೆಸರನ್ನು ಕಡುಗೆಂಪು ದಾರದಲ್ಲಿ ಕಸೂತಿ ಮಾಡಿದ್ದ. ಧ ಸರಿಯಾಗಿತ್ತು, ಸೀಳು ಒಂದೇ ಒಂದು ಹೊಲಿಗೆ. ಈಗ ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದ. ತೆರೆದ ಬಾಯಿಗೆ ಚಹಾ ಹಾಕಿಕೊಂಡ. “ಚೆನ್ನಾಗಿದೆ” ಎಂದ. ನಾಲ್ಕು ಗಂಟೆಗೆ ವಾಪಸು ಬಸ್ಸು, ನಾಳೆಗೆ ರಜೆ ಮುಗಿಯುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೇನು ನಷ್ಟ? ಇಂಥ ಯೋಚನೆ ಬಂದಾಗಲೆಲ್ಲ ಅವನಿಗೆ ತಾನು ತುಂಬಾ ದಯಾಳು ಅನ್ನಿಸುತ್ತಿತ್ತು.

ಬೀದಿಯಲ್ಲಿ ಕಾಜಾ ಎರಡು ಹೆಜ್ಜೆ ಮುಂದೆ. ಸಿಕ್ಕಿದವರಿಗೆಲ್ಲ, ಔಷಧಿ ಅಂಗಡಿಯವನಿಗೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನಿಗೆ, ನಿಂತಿದ್ದ ಒಂದು ನಾಯಿಗೆ ಕೂಡ, “ನಮ್ಮ ಅಜ್ಜನ ಊರು ಇದು” ಎನ್ನುತ್ತಿದ್ದ. ನಮ್ಮ ಅಜ್ಜ! ಅವನಿಗೆ ಮೈ ಉರಿಯಿತು. ಅಜ್ಜನಿಂದ ಕಾಗದ ಅಲುಗಲಿಲ್ಲವೆಂದು ತಲೆಗೆ ಮೊಟಕಿಸಿಕೊಂಡವನು ತಾನು, ಕೊನೆಗಾಲದಲ್ಲಿ ಅಜ್ಜನ ಉಗುರು ಕತ್ತರಿಸಿದವನು ತಾನು, ನಮ್ಮ ಅಜ್ಜ ಎಂದು ಎದೆಯುಬ್ಬಿಸುವವನು ಇವನು. ಮರುಗಳಿಗೆಯಲ್ಲೇ ನಾಚಿಕೆಯಾಯಿತು. ಈ ಊರಿನಲ್ಲಿ ಯಾವ ಅಜ್ಜನೂ ಇರಲಿಲ್ಲವಲ್ಲ, ಹಂಚಿಕೊಳ್ಳಲಿ ಬಿಡು. ಗುಮಾಸ್ತನೊಬ್ಬನು ಫೈಲು ಕಂಕುಳಲ್ಲಿಟ್ಟುಕೊಂಡು ಓಡುತ್ತಿದ್ದ, ಹೆಂಗಸೊಬ್ಬಳು ಬಾಲ್ಕನಿಯಿಂದ ಚಾಪೆ ಕೊಡವಿದಳು, ಧೂಳು ಗೆಳೆಯರಿಬ್ಬರ ಹೊಸ ಅಂಗಿಯ ಮೇಲೆ ಬಿತ್ತು. “ನಮ್ಮೂರ ಧೂಳು” ಎಂದು ಕಾಜಾ ಒರೆಸಿಕೊಳ್ಳಲಿಲ್ಲ.

ಮೂರು ಮೆಟ್ಟಿಲ ಮನೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಸಿಗದೆ ಏನು, ಯಾವ ಊರಲ್ಲಿ ಮೂರು ಮೆಟ್ಟಿಲ ಮನೆ ಇಲ್ಲ, ಯಾವ ನಡುವಿನ ಮೆಟ್ಟಿಲು ಒಡೆಯುವುದಿಲ್ಲ! ಕಾಜಾ ಒಡೆದ ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅದರ ಅಂಚಿನ ಮೇಲೆ ಬೆರಳಾಡಿಸಿದ, ಬಟ್ಟೆಯ ನೇಯ್ಗೆ ನೋಡುವವನ ಹಾಗೆ. ಬಾಗಿಲು ತೆರೆದ ಮುದುಕಿ ನಿವೃತ್ತ ಟೀಚರು, ಕೈಯಲ್ಲಿ ಒದ್ದೆ ಬಟ್ಟೆ. ಕಾಜಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಆಕೆ ಇವರ ಒಂದೇ ಥರದ ಅಂಗಿಗಳನ್ನು ನೋಡಿ ಬ್ಯಾಂಡಿನವರೋ ಏನೋ ಎಂದುಕೊಂಡಿರಬೇಕು. “ಇರಬಹುದಪ್ಪ. ಈ ಮನೆ ನಮ್ಮ ಮಾವನವರು ಯಾರ ಹತ್ರಾನೋ ತಗೊಂಡಿದ್ದು. ಯಾರು ಅಂತ ಯಾರು ಕೇಳಿದ್ರು? ಒಳಗೆ ಬನ್ನಿ, ಬಿಸಿಲು.” ಅಷ್ಟು ಸಾಕಾಯಿತು. ಕಾಜಾ ಹೊಸ್ತಿಲು ದಾಟಿ, ನಡುಮನೆಯ ಕಂಬಕ್ಕೆ ಹಣೆಯಿಟ್ಟು, ಭುಜ ಕುಲುಕಿಸಿ ಅಳತೊಡಗಿದ.

ಕರಡು ತಿದ್ದುವವನು ಕುರ್ಚಿಯ ತುದಿಯಲ್ಲಿ ಕುಳಿತು ಗೋಡೆಯ ಕ್ಯಾಲೆಂಡರು ನೋಡಿದ. ಯಾವುದೋ ಸಹಕಾರಿ ಸಂಘದ್ದು, ಕೆಳಗೆ ಊರ ಹೆಸರು, ಸೀಳಿಲ್ಲ. ಎದ್ದು ಹೋಗಿ ಸ್ನೇಹಿತನ ಹೆಗಲ ಮೇಲೆ ಕೈಯಿಟ್ಟು “ಬಾರೋ, ಇದಲ್ಲ” ಅನ್ನಲು ನಾಲ್ಕು ಹೆಜ್ಜೆ ಸಾಕಿತ್ತು. ಅವನು ಏಳಲಿಲ್ಲ. ಏಳದಿದ್ದದ್ದು ದಯೆಯಿಂದಲ್ಲ ಎಂದು ಅವನಿಗೆ ಕುಳಿತಲ್ಲೇ ಗೊತ್ತಾಯಿತು. ತಾನು ಅಳಬೇಕಿದ್ದ ಅಳುವನ್ನು ಕಾಜಾ ಅಳುತ್ತಿದ್ದ, ಅದೂ ತನಗೆ ಸಾಧ್ಯವೇ ಇಲ್ಲದಷ್ಟು ಚೆನ್ನಾಗಿ. ಅದು ತಪ್ಪು ಕಂಬ ಎಂಬುದು ಅವನಿಗೆ ಒಳಗೊಳಗೇ ಹಿತವಾಗಿತ್ತು. ಅಳು, ಅಳು, ಅಂದುಕೊಂಡ, ನಿನ್ನ ಅಳುವಿನಲ್ಲೂ ಒಂದು ಅಚ್ಚಿನ ದೋಷ ಇದೆ. ಎಷ್ಟು ಕೆಟ್ಟವನು ತಾನು. ಬೈಂಡಿಂಗಿನವರು ಅಂಬಾ ಅಂದಾಗ ಪ್ರತಿಸಲವೂ ಕೆಳಗಿಳಿದು ಬಂದು ಕಾಜಾನ ಹೊಲಿಗೆಯಂತ್ರದ ಪಕ್ಕ ಕೂರುತ್ತಿದ್ದ; ಕಾಜಾ ಏನೂ ಕೇಳದೆ ಕಾಲಿಂದ ಯಂತ್ರ ತುಳಿಯುತ್ತಿದ್ದ, ಆ ಸದ್ದಿನಲ್ಲಿ ಮೇಲಿನ ನಗು ಕೇಳಿಸುತ್ತಿರಲಿಲ್ಲ.

ಮುದುಕಿ ಅಳುವವನನ್ನು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ, ಟೀಚರಲ್ಲವೇ, ಅಳುವವರನ್ನು ಬೇಕಾದಷ್ಟು ನೋಡಿದ್ದಳು. “ಅಳೋದು ಮುಗಿದ ಮೇಲೆ ನೀರು ಕುಡಿ ತಮ್ಮಾ” ಎಂದು ಲೋಟ ಇಟ್ಟಳು. ಕಾಜಾ ಕಣ್ಣೊರೆಸಿಕೊಂಡು ಸುತ್ತ ನೋಡಿದವನು ಕಿಟಕಿಯ ಪರದೆಯ ಅಂಚು ಬಿಟ್ಟಿರುವುದನ್ನು ಕಂಡ. ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ಕೈಗೆ ಬಂತು. “ದಾರ ಇದೆಯಾ ಅಕ್ಕಾ? ಬಿಳೀದು ಬೇಡ, ಸ್ವಲ್ಪ ಮಾಸಿದ್ದು ಕೊಡಿ, ಇದಕ್ಕೆ ಅದೇ ಸೇರೋದು.” ನೆಲದ ಮೇಲೆ ಕುಳಿತು ಹೊಲಿದ. ಆಕೆ ಎದುರು ಕುಳಿತು ತನ್ನ ಮಂಡಿ ನೋವಿನ ಕತೆ, ಮೇಲಿನ ಮನೆಯವರು ನೀರು ಚೆಲ್ಲುವ ಕತೆ ಹೇಳಿದಳು, ಅವನು ಹೂಂಗುಟ್ಟಿದ. ಹೊರಡುವಾಗ ಆಕೆ ಅಂದಳು: “ಇನ್ನೂ ಎರಡು ಪರದೆ ಇದಾವೆ ತಮ್ಮಾ. ಮತ್ತೆ ಬಂದಾಗ ನೋಡು.” ಕರಡು ತಿದ್ದುವವನಿಗೆ ಬರೀ “ಹುಷಾರು, ನಡುವಿನ ಮೆಟ್ಟಿಲು ಒಡೆದಿದೆ” ಎಂದಳು.

ಮನೆಯಿಂದ ಹೊರಬಂದು ಹತ್ತು ಹೆಜ್ಜೆ ನಡೆದಿರಲಿಲ್ಲ, ಶಾಲೆಯ ಗೋಡೆ ಎದುರಾಯಿತು. ಕಾಜಾ ಫಕ್ಕನೆ ನಿಂತ. “ಕರಡಿ, ನೋಡೋ ಇಲ್ಲಿ! ನಮ್ಮೂರ ಹೆಸರಿಗೇ ಹೊಟ್ಟೆ ಸೀಳಿಲ್ಲ!” ಅವನ ಕಾಲರನ್ನು ಹಿಡಿದು ಹಿಂದೆ ತಿರುಗಿಸಿ, ಗೋಡೆಯ ಅಕ್ಷರಕ್ಕೂ ಕಸೂತಿಯ ಅಕ್ಷರಕ್ಕೂ ತಾಳೆ ನೋಡಿದ. ಕತ್ತು ಹಿಂಡಿಸಿಕೊಂಡು ನಿಂತ ಅವನಿಗೆ ಇದಕ್ಕಿಂತ ಸರಿಯಾದ ಗಳಿಗೆ ಸಿಗುವಂತಿರಲಿಲ್ಲ. “ಪೇಂಟರ್ ಮರೆತಿರಬೇಕು” ಎಂದ. ಇದು ಬಾಯಿಬಿಟ್ಟು ಹೇಳಿದ ಸುಳ್ಳು, ಬೆಳಗಿನಿಂದ ಬರೀ ಸುಮ್ಮನಿದ್ದವನು ಈಗ ಒಂದು ಮೆಟ್ಟಿಲು ಇಳಿದಿದ್ದ. “ಮರೆಯೋದು ಅಂದ್ರೆ? ಮಕ್ಕಳು ನೋಡೋ ಗೋಡೆ! ನೀನು ಇದೀಯಲ್ಲ, ಮೂವತ್ತು ವರ್ಷದ ಸರ್ವೀಸು. ನಡಿ, ತಿದ್ದಿಸೋಣ. ಊರಿಗೆ ಬಂದು ಒಂದು ಒಳ್ಳೆ ಕೆಲಸ ಮಾಡಿ ಹೋದ ಹಾಗಾಗುತ್ತೆ.” “ಬೇಡ ಬಿಡೋ, ಬಸ್ಸಿಗೆ ಹೊತ್ತಾಗುತ್ತೆ.” “ನಾಲ್ಕಕ್ಕೆ ತಾನೆ? ಈಗ ಎರಡು.” ಕಾಜಾ ಆಗಲೇ ಪುರಸಭೆ ಎಲ್ಲಿ ಎಂದು ಯಾರನ್ನೋ ಕೇಳುತ್ತಿದ್ದ.

ಪುರಸಭೆಯ ಕಚೇರಿಯಲ್ಲಿ ಆರು ಮೇಜು, ನಾಲ್ಕು ಜನ, ಒಂದು ಫ್ಯಾನು. ಕಿಟಕಿಯ ಪಕ್ಕದ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಕಾಜಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಟ್ಯಾಂಕು ತಪ್ಪು, ಶಾಲೆ ತಪ್ಪು, ನಿಮ್ಮ ಹೊರಗಿನ ಬೋರ್ಡೂ ತಪ್ಪು, ನಮ್ಮ ಸ್ನೇಹಿತರು ಕರಡು ತಿದ್ದೋರು, ಬೇಕಾದರೆ ಅವರನ್ನೇ ಕೇಳಿ. ಗುಮಾಸ್ತ ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪನ್ನು ಎತ್ತಿ ಹಳೆಯ ಕಾಗದದ ಮೇಲೆ ನಿಧಾನವಾಗಿ ಒತ್ತಿ ಕಾಜಾನ ಮುಂದೆ ಸರಿಸಿದ. “ಹಾಗಿದ್ರೆ ಇದೂ ತಪ್ಪು. ಇಪ್ಪತ್ತು ವರ್ಷದಿಂದ ಒತ್ತಿಕೊಂಡು ಬಂದಿದೀನಿ, ನಾನೂ ತಪ್ಪು. ಸ್ವಾಮಿ, ನಮ್ಮೂರಿಗೆ ಹೊಟ್ಟೆ ಸೀಳಲ್ಲ. ಹೊಟ್ಟೆ ಸೀಳಿರೋ ಊರು ಬೇರೆ ಇದೆ, ಬಡಗಣದ ಕಡೆ. ನೀವು ಬಂದ ದಾರೀಲಿ ವಾಪಸ್ ಹೋಗಿ, ಅಲ್ಲಿಂದ ಇನ್ನೂ ಒಂದು ದಿನ. ವರ್ಷಕ್ಕೆ ಒಬ್ಬಿಬ್ಬರು ಹೀಗೆ ಬರ್ತಾರೆ, ಆದ್ರೆ ಬೋರ್ಡು ತಿದ್ದಿಸೋಕೆ ಬಂದಿದ್ದು ನೀವೇ ಮೊದಲು.” ಹಿಂದಿನ ಮೇಜಿನಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಗುಮಾಸ್ತ ಇವನ ಕಡೆ ತಿರುಗಿದ: “ಕರಡು ತಿದ್ದೋರು ಅಂದ್ರಲ್ಲ, ತಾವೇನಾ?” ನಾಲ್ಕು ಜನವೂ ನಕ್ಕರು. ಆ ನಗು ಅವನಿಗೆ ಪರಿಚಯದ್ದೇ, ಅಂಬಾ ಒಂದು ಕಡಿಮೆ ಇತ್ತು.

ಕಾಜಾ ನಗುವವರನ್ನು ನೋಡಲಿಲ್ಲ. ಅವನನ್ನು ನೋಡಿದ. ನಲವತ್ತು ವರ್ಷ ಜನರ ಅಳತೆ ತೆಗೆದ ಕಣ್ಣು, ಯಾರು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಾರೆಂದು ಅದಕ್ಕೆ ಟೇಪು ಬೇಡ. ಆಶ್ಚರ್ಯಪಡಬೇಕಾದ ಮುಖದಲ್ಲಿ ಆಶ್ಚರ್ಯ ಇಲ್ಲದ್ದನ್ನು ಅದು ಕಂಡುಕೊಂಡಿತು. “ತೊಂದರೆ ಕೊಟ್ವಿ ಸಾರ್” ಎಂದು ಗುಮಾಸ್ತನಿಗೆ ಹೇಳಿ ಕಾಜಾ ಹೊರಗೆ ನಡೆದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕುಳಿತರು.

“ಯಾವಾಗಿಂದ ಗೊತ್ತಿತ್ತು?” ಎಂದ ಕಾಜಾ.

“ಬೆಳಿಗ್ಗೆಯಿಂದ.”

“ಚಹಾ ಕುಡಿಯೋಕೆ ಮುಂಚೆನಾ, ಆಮೇಲಾ?”

“ಮುಂಚೆ.”

“ಅಂಗಿ ತೋರಿಸಿದಾಗ ಗೊತ್ತಿತ್ತು.”

“ಹೂಂ.”

“ಆ ಅಕ್ಕನ ಮನೇಲಿ ನಾನು ಕಂಬ ಹಿಡ್ಕೊಂಡಿದ್ದಾಗ?”

ಅವನು ಹೌದೆಂದು ತಲೆಯಾಡಿಸಿದ. ನಿನ್ನ ಮನಸ್ಸು ನೋಯಬಾರದು ಅಂತ, ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ, ಆ ವಾಕ್ಯದಲ್ಲಿ ತಪ್ಪಿತ್ತು. ಕಾಜಾ ಕೂಗಾಡಿದ್ದರೆ, ಒಂದು ಬಾರಿಸಿದ್ದರೆ, ಚೆನ್ನಾಗಿರುತ್ತಿತ್ತು. ಕಾಜಾ ಎದ್ದು ನೀರಿನ ನಲ್ಲಿಯ ಕಡೆ ಹೋದ. ಅವನು ಜೇಬಿನಿಂದ ಟಿಕೆಟ್ಟು ತೆಗೆದು ಮೊದಲ ಸಲ ಪೂರ್ತಿ ಓದಿದ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಬಾಯಿಯ ಮುಂದೆ ಹಿಡಿದು, ಹೊಟ್ಟೆಯಿಂದ ಉಸಿರೆಳೆದು ಅಜ್ಜನ ಊರ ಹೆಸರು ಹೇಳಿದ. ಚೀಟಿ ಪಟಪಟನೆ ಅಲುಗಿತು. ಐವತ್ತು ವರ್ಷಕ್ಕೆ ಪಾಸಾಗಿದ್ದ, ನೋಡುವುದಕ್ಕೆ ಯಾರೂ ಇರಲಿಲ್ಲ.

ಕಾಜಾ ವಾಪಸು ಬಂದು, ಜನ ಓಡಾಡುವ ಅಷ್ಟು ದೊಡ್ಡ ನಿಲ್ದಾಣದಲ್ಲಿ, ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕುಳಿತ. ಕಾಲರನ್ನು ಮಂಡಿಯ ಮೇಲೆ ಮಗುಚಿ ಹಾಕಿ ಸೂಜಿಯ ತುದಿಯಿಂದ ಧ ಅಕ್ಷರದ ಕೆಳಗಿನ ಆ ಒಂದು ಹೊಲಿಗೆಯನ್ನು ಮೀಟಿ ಎಳೆದ. ಕೆಂಪು ದಾರದ ಸಣ್ಣ ಚೂರು ಬಂತು. ಬಟ್ಟೆಯನ್ನು ಉಗುರಿನಿಂದ ಉಜ್ಜಿ ತೂತು ಮುಚ್ಚಿಸಿದ. ದ.

“ಏನೋ ಮಾಡ್ತಿದೀಯ?”

“ಮುಂದಿನ ವರ್ಷ ಬರಬೇಕು. ಎರಡು ಪರದೆ ಇದಾವೆ ಅಂದ್ರಲ್ಲ.”

“ಆ ಮನೆ ನಮ್ಮದಲ್ಲ ಕಣೋ.”

“ನಿಮ್ಮದಲ್ಲ ಅಂತ ಗೊತ್ತಾಯ್ತು” ಎಂದ ಕಾಜಾ, ಸೂಜಿಯನ್ನು ಒರೆಸುತ್ತಾ. “ನಂದಲ್ಲ ಅಂತ ಯಾರೂ ಹೇಳಿಲ್ಲ.”

ಬಸ್ಸು ಬಂದು ಹಿಮ್ಮುಖವಾಗಿ ನಿಲ್ಲತೊಡಗಿತು, ಕಂಡಕ್ಟರು ತಗಡಿನ ಮೇಲೆ ಬಡಿಯುತ್ತಿದ್ದ. ಕರಡು ತಿದ್ದುವವನು ಆತುರಾತುರವಾಗಿ ತನ್ನ ಮೇಲಿನ ಗುಂಡಿಗಳನ್ನು ಬಿಚ್ಚಿದ. ಕಾಲರನ್ನು ಹಿಂದಕ್ಕೆ ಮಡಿಸಿ, ಶಾಲೆಯಲ್ಲಿ ಏಟಿಗೆ ಕತ್ತು ಬಗ್ಗಿಸುವವನ ಹಾಗೆ ಸ್ನೇಹಿತನ ಮುಂದೆ ಬಗ್ಗಿದ.

“ನಂದೂ ಬಿಚ್ಚು” ಎಂದ.

ಕಾಜಾ ಅಂಗಿ ತೊಟ್ಟು, ಗುಂಡಿ ಒಂದೊಂದಾಗಿ ಹಾಕಿಕೊಂಡು, ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡ. ಬ್ಯಾಗು ಹೆಗಲಿಗೇರಿಸಿದ.

“ನಿಂದ್ಯಾಕೆ? ನಿಂದು ಸರಿಯಾಗೇ ಇದೆಯಲ್ಲ” ಎಂದು ಬಸ್ಸು ಹತ್ತಿದ.